ಯೆಹೋಶುವನ ನಾಮಾರ್ಥ

ಪವಿತ್ರ ಬೈಬಲಿನಲ್ಲಿ ಹೆಸರೆಂಬುದು ಕೇವಲ ಕರೆಯುವುದಕ್ಕಾಗಿ ಇಟ್ಟ ಗುರುತಲ್ಲ. ದೇವರು ಆ ವ್ಯಕ್ತಿಗೆ ವಹಿಸಿದ ಕಾರ್ಯವನ್ನೂ ಅದು ಹಲವೆಡೆ ಸೂಚಿಸುತ್ತದೆ. ಅಬ್ರಾಮನು ಅಬ್ರಹಾಮನಾದುದನ್ನೂ ಯಕೋಬನು ಇಸ್ರಯೇಲನಾದುದನ್ನೂ ವಾಚಕರು ಬಲ್ಲರು. ಮೋಶೆಯ ಉತ್ತರಾಧಿಕಾರಿಯಾದ ಯೆಹೋಶುವನ ಹೆಸರೂ ಹೀಗೆಯೇ ಮಾರ್ಪಟ್ಟುದೆಂಬುದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ.

ಈತನು ಎಫ್ರಯಿಮ್ ಕುಲದ ನೂನನ ಮಗ. ಮೊದಲಿನ ಹೆಸರು ಹೋಶೇಯ. ಹಿಬ್ರೂ ಭಾಷೆಯಲ್ಲಿ ರಕ್ಷಣೆ ಎಂದು ಅದರ ಅರ್ಥ. ಯಾರಿಂದ ರಕ್ಷಣೆ ಎಂಬುದನ್ನು ಆ ಹೆಸರು ಹೇಳುತ್ತಿರಲಿಲ್ಲ. ಕಾನಾನ್ ನಾಡನ್ನು ನೋಡಿಬರಲು 12 ಮಂದಿಯನ್ನು ಕಳುಹಿಸಿದ ಪ್ರಸಂಗದಲ್ಲಿ, ಮೋಶೆಯು ಅದಕ್ಕೆ ದೇವನಾಮವನ್ನು ಸೇರಿಸಿ ಅವನನ್ನು ಯೆಹೋಶುವನೆಂದು ಕರೆದುದಾಗಿ ಸಂಖ್ಯಾಕಾಂಡವು ತಿಳಿಸುತ್ತದೆ. ಸರ್ವೇಶ್ವರನೇ ರಕ್ಷಣೆ ಎಂಬುದು ಈ ಹೊಸ ಹೆಸರಿನ ಅರ್ಥ.

ಆ ಹೆಸರಿಗೆ ಪರೀಕ್ಷೆ ಬರಲು ತಡವಾಗಲಿಲ್ಲ. 40 ದಿನಗಳ ಬಳಿಕ ಹಿಂದಿರುಗಿದವರಲ್ಲಿ 10 ಮಂದಿ, ಆ ನಾಡಿನವರು ಮಹಾಕಾಯರು, ಪಟ್ಟಣಗಳು ಕೋಟೆಯುಳ್ಳವು ಎಂದು ಹೇಳಿ ಜನರನ್ನು ಎದೆಗುಂದಿಸಿದರು. ಯೆಹೋಶುವನೂ ಯೆಹೂದ ಕುಲದ ಕಾಲೇಬನೂ ಮಾತ್ರ ದೇವರು ತಮ್ಮೊಡನಿರುವನೆಂದು ಸಾರಿದರು. ಜನರು ಅವರನ್ನು ಕಲ್ಲೆಸೆದು ಕೊಲ್ಲಬೇಕೆಂದರು. ಈ ಅವಿಶ್ವಾಸದ ಫಲವಾಗಿ 40 ವರ್ಷಗಳ ಅರಣ್ಯವಾಸ ಒದಗಿತು. 20 ವರ್ಷಕ್ಕೆ ಮೇಲ್ಪಟ್ಟು ಎಣಿಕೆಗೆ ಸೇರಿದ್ದ ಆ ಪೀಳಿಗೆಯಲ್ಲಿ ವಾಗ್ದತ್ತ ನಾಡನ್ನು ಪ್ರವೇಶಿಸಿದವರು ಅವರಿಬ್ಬರೇ. ಧರ್ಮಶಾಸ್ತ್ರವನ್ನು ತಂದ ಮೋಶೆಗೂ ಆ ಭಾಗ್ಯ ಲಭಿಸಲಿಲ್ಲ. ನೆಬೋ ಬೆಟ್ಟದಿಂದ ಅದನ್ನು ಕಂಡು ಕಣ್ಮುಚ್ಚಿದನು.

ಜನರನ್ನು ಜೋರ್ಡನ್ ನದಿ ದಾಟಿಸಿದವನು ಯೆಹೋಶುವ. ನಾಡನ್ನು ಕುಲಗಳಿಗೆ ಹಂಚಿಕೊಡುವಾಗ ಎಲ್ಲರಿಗೂ ಪಾಲು ದೊರೆತ ಮೇಲೆಯೇ ಅವನು ತನ್ನ ಪಾಲಾಗಿ ಎಫ್ರಯಿಮ್ ಬೆಟ್ಟನಾಡಿನ ತಿಮ್ನತ್ ಸೆರಹವನ್ನು ಪಡೆದನು. ಅಧಿಕಾರವುಳ್ಳವರು ಮೊದಲು ತಮ್ಮ ಪಾಲನ್ನು ತೆಗೆದಿರಿಸಿಕೊಳ್ಳುವ ಲೋಕರೂಢಿ ಅವನದಾಗಿರಲಿಲ್ಲ. ಕೊನೆಗೆ ಶೆಕೆಮಿನಲ್ಲಿ ಕುಲಗಳನ್ನೆಲ್ಲ ಕೂಡಿಸಿ, ಯಾರನ್ನು ಸೇವಿಸುವಿರೆಂಬುದನ್ನು ನೀವೇ ಆರಿಸಿಕೊಳ್ಳಿರೆಂದು ತಿಳಿಸಿ, 110 ವರ್ಷ ವಯಸ್ಸಿನವನಾಗಿ ಮೃತನಾದನು.

ಬಾಬಿಲೋನಿನ ಸೆರೆವಾಸದ ನಂತರ ಈ ಹೆಸರು ಯೇಶೂವ ಎಂದು ಮೊಟಕಾಯಿತು. ನೆಹೆಮೀಯನ ಗ್ರಂಥವು ನೂನನ ಮಗನನ್ನೇ ಹೀಗೆ ಕರೆಯುತ್ತದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಭಾಷಾಂತರದಲ್ಲಿ, ಆ ಭಾಷೆಗೆ ಶಕಾರವಿಲ್ಲದ ಕಾರಣ, ಅದು ಯೇಸೂಸ್ ಆಯಿತು. ನಮ್ಮ ಯೇಸು ಎಂಬ ರೂಪದ ಮೂಲ ಇದೇ. ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯು ಹಿಬ್ರೂ ಉಚ್ಚಾರವನ್ನೂ ಹೊಸ ಒಡಂಬಡಿಕೆಯು ಗ್ರೀಕ್ ರೂಪವನ್ನೂ ಅನುಸರಿಸುವುದರಿಂದ, ಒಂದೇ ಹೆಸರು ನಮ್ಮ ಕಿವಿಗೆ ಎರಡಾಗಿ ಕೇಳಿಸುತ್ತದೆ. ಗ್ರೀಕ್ ಬಲ್ಲ ಆದಿ ಕ್ರೈಸ್ತರಿಗೆ ಈ ತೊಡಕಿರಲಿಲ್ಲ. 3ನೆಯ ಶತಮಾನದ ಓರಿಜನ್ ಯೆಹೋಶುವನ ಗ್ರಂಥವನ್ನು ಕುರಿತ ಪ್ರಬೋಧನೆಗಳಲ್ಲಿ ಈ ನಾಮಸಾಮ್ಯವನ್ನೇ ಮೊದಲು ಎತ್ತಿ ತೋರಿಸಿದನು.

ಮಾತೆ ಮರಿಯಳ ಮಗನಿಗೆ ಈ ಹೆಸರನ್ನಿಡಬೇಕೆಂದು ದೇವದೂತನು ಜೋಸೆಫರಿಗೆ ತಿಳಿಸಿದಾಗ, ಆತನು ಜನರನ್ನು ಪಾಪಗಳಿಂದ ಉದ್ಧರಿಸುವನೆಂಬ ಕಾರಣವನ್ನೂ ಹೇಳಿದನು. ಜ್ಞಾನಸ್ನಾನದಲ್ಲಿ ಹೆಸರು ಪಡೆದ ನಾವು, ಕಲ್ಲುಗಳನ್ನು ಎತ್ತಿಕೊಂಡ ಜನರ ಮುಂದೆಯೂ ತನ್ನ ಹೆಸರಿನ ಅರ್ಥವನ್ನು ಬಿಟ್ಟುಕೊಡದ ನೂನನ ಮಗನನ್ನು ಆಗಾಗ್ಗೆ ಸ್ಮರಿಸುವುದು ಒಳ್ಳೆಯದು.