ಥಾಮಸ್ ಲಿಂಕನ್: ಕಂದಾಯದ ಕಡತಗಳಲ್ಲಿ ಉಳಿದ ಬದುಕು

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ನೆಲೆಸಿರುವ ನನ್ನಂಥವರ ಮನೆಗೆ ಊರಿನಿಂದ ಬಂಧುಗಳು ಬಂದರೆ, ತೋರಿಸಬೇಕಾದ ಸ್ಥಳಗಳಲ್ಲಿ ಹಾಜನ್‌ವಿಲ್‌ಗೆ ಮೊದಲ ಸ್ಥಾನ. ಅಬ್ರಹಾಂ ಲಿಂಕನ್ ಹುಟ್ಟಿದ ಜಮೀನು ಅಲ್ಲಿದೆ. ಅವರು ಬದುಕಿದ 56 ವರ್ಷಗಳ ನೆನಪಿಗೆ 56 ಮೆಟ್ಟಿಲು, ಮೇಲೊಂದು ಕಲ್ಲಿನ ಭವ್ಯ ಮಂದಿರ, ಅದರೊಳಗೆ ಮರದ ದಿಮ್ಮಿಗಳ ಪುಟ್ಟ ಗುಡಿಸಲು. ಗುಡಿಸಲನ್ನು ಕಂಡ ಬಂಧುಗಳು ಸಾಮಾನ್ಯವಾಗಿ ಒಂದೇ ಮಾತು ಕೇಳುತ್ತಾರೆ: ಇಷ್ಟು ಬಡತನದಲ್ಲಿ ಮಗನನ್ನು ಬೆಳೆಸಿದ ಆ ತಂದೆ ಎಂಥವನು?

ಈ ಪ್ರಶ್ನೆಗೆ ಬಹುಕಾಲ ಸಿಗುತ್ತಿದ್ದ ಉತ್ತರ ಗೌರವದ್ದಾಗಿರಲಿಲ್ಲ. ಲಿಂಕನ್ನರ ಹತ್ಯೆಯ ನಂತರ ಬಂದ ಜೀವನಚರಿತ್ರೆಗಳಲ್ಲಿ ಥಾಮಸ್ ಲಿಂಕನ್ ಸೋಮಾರಿ, ಅಲೆಮಾರಿ, ಎಲ್ಲಿಯೂ ಬೇರೂರದ ಮನುಷ್ಯ. ಮಗನ ಹಿರಿಮೆ ಎದ್ದು ಕಾಣಲೆಂದು ತಂದೆಯನ್ನು ತಗ್ಗಿಸಿದಂತೆಯೂ ಇತ್ತು. ಆತನ ಪರವಾಗಿ ಸಾಕ್ಷಿ ನುಡಿದದ್ದು ಕೆಂಟಕಿಯ ಕೌಂಟಿ ನ್ಯಾಯಾಲಯಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದ ಕ್ರಯಪತ್ರಗಳು ಮತ್ತು ತೆರಿಗೆ ಪಟ್ಟಿಗಳು. ಆ ಕಾಗದಗಳ ಜಾಡಿನಲ್ಲಿ ಥಾಮಸ್‌ನ ಬದುಕನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

ಕಥೆ ಆರಂಭವಾಗುವುದು ನಮ್ಮ ಲೂಯಿವಿಲ್‌ನ ಪೂರ್ವಕ್ಕಿರುವ ಲಾಂಗ್ ರನ್ ಎಂಬ ತೊರೆಯ ದಂಡೆಯಲ್ಲಿ. ಥಾಮಸ್‌ನ ತಂದೆಯ ಹೆಸರೂ ಅಬ್ರಹಾಂ. ವರ್ಜೀನಿಯಾದ ನಾಗರಿಕ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. 1780ರಲ್ಲಿ ಆತ 160 ಪೌಂಡು ತೆತ್ತು, ಕೆಂಟಕಿಯಲ್ಲಿ 400 ಎಕರೆ ಭೂಮಿ ಪಡೆಯಲು ಅಧಿಕಾರ ನೀಡುವ ಪರವಾನಗಿಯನ್ನು ವರ್ಜೀನಿಯಾ ಸರ್ಕಾರದಿಂದ ಕೊಂಡನು. ಕೆಂಟಕಿ ಆಗಿನ್ನೂ ವರ್ಜೀನಿಯಾದ ಭಾಗ. ಪರವಾನಗಿ ಕೈಗೆ ಬಂದ ಮಾತ್ರಕ್ಕೆ ಭೂಮಿ ಕೈಗೆ ಬಂದಂತಲ್ಲ. ಬೇಕಾದ ಸ್ಥಳವನ್ನು ಗುರುತಿಸಿ ದಾಖಲು ಮಾಡಿಸಬೇಕು, ಮೋಜಣಿ ಮಾಡಿಸಬೇಕು, ಕೊನೆಯಲ್ಲಿ ಹಕ್ಕುಪತ್ರ ಪಡೆಯಬೇಕು. ಈ ನಾಲ್ಕು ಹಂತಗಳಲ್ಲಿ ಒಂದು ತಪ್ಪಿದರೂ ಒಡೆತನ ಅಲುಗಾಡುತ್ತಿತ್ತು.

ಲಾಂಗ್ ರನ್ ಭೂಮಿಯ ಮೋಜಣಿ ನಡೆದದ್ದು 1785ರ ಮೇ ತಿಂಗಳಿನಲ್ಲಿ. ಆ ದಾಖಲೆಯಲ್ಲಿ ಒಡೆಯನ ಹೆಸರು ಲಿಂಕನ್ ಎಂದಿಲ್ಲ, ಲಿಂಕ್‌ಹಾರ್ನ್ ಎಂದಿದೆ. ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದರು. ಹಾಗಾದರೆ ಇದು ಲಿಂಕನ್ ಮನೆತನವೇ ಎಂದು ತಿಳಿಯುವುದು ಹೇಗೆ? ಅಳತೆಯ ಸರಪಳಿ ಹಿಡಿದವರ ಹೆಸರೂ ಅದೇ ಕಾಗದದಲ್ಲಿರುತ್ತದೆ. ಅಲ್ಲಿ ಲಿಂಕನ್ ಕುಲನಾಮದವರೇ ಇದ್ದಾರೆ. ಸರಪಳಿ ಹಿಡಿಯಲು ಒಡೆಯರು ತಮ್ಮವರನ್ನೇ ಕರೆದೊಯ್ಯುವುದು ಅಂದು ರೂಢಿ. ಹೀಗೆ ಹೆಸರು ಕೆಟ್ಟರೂ ನೆರೆಹೊರೆ, ತೊರೆಯ ಹೆಸರು, ಸಾಕ್ಷಿದಾರರು ಸೇರಿ ಮನುಷ್ಯನನ್ನು ಗುರುತಿಸಿಕೊಡುತ್ತಾರೆ.

1786ರಲ್ಲಿ ಆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಕ್ಯಾಪ್ಟನ್ ಅಬ್ರಹಾಂ ಮೂಲನಿವಾಸಿಗಳ ದಾಳಿಯಲ್ಲಿ ಮಡಿದನು. ವಲಸಿಗರು ಪರವಾನಗಿ ಕೊಂಡು ಹಂಚಿಕೊಳ್ಳುತ್ತಿದ್ದ ಕೆಂಟಕಿ ಶಾನಿ ಮೊದಲಾದ ಮೂಲನಿವಾಸಿ ಜನಾಂಗಗಳ ಬೇಟೆಯ ನೆಲವಾಗಿತ್ತು. ಅವರ ಹಕ್ಕನ್ನು ಬರೆಯಲು ಆ ಕಡತಗಳಲ್ಲಿ ಅಂಕಣವೇ ಇರಲಿಲ್ಲ. ತಂದೆ ಬಿದ್ದಾಗ ಜೊತೆಯಲ್ಲಿದ್ದವರು ಮಾರ್ಡೆಕೈ, ಜೋಸೈಯ ಮತ್ತು ಎಂಟು ವರ್ಷದ ಥಾಮಸ್. ಹಿರಿಯವನಾದ ಮಾರ್ಡೆಕೈ ಮನೆಯೊಳಗಿಂದ ಗುಂಡು ಹಾರಿಸಿ ತಮ್ಮನನ್ನು ಉಳಿಸಿದನೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ.

ಜೀವ ಉಳಿಯಿತು, ಆಸ್ತಿ ಉಳಿಯಲಿಲ್ಲ. ಕ್ಯಾಪ್ಟನ್ ಅಬ್ರಹಾಂ ಹಕ್ಕು ಸಾಧಿಸಿದ್ದ ಭೂಮಿ ಐದು ಸಾವಿರ ಎಕರೆಗೂ ಮಿಗಿಲು. ಉಯಿಲು ಇಲ್ಲದೆ ಸತ್ತವನ ಸ್ಥಿರಾಸ್ತಿ ಜ್ಯೇಷ್ಠ ಪುತ್ರನಿಗೆ ಸೇರಬೇಕೆಂಬುದು ವರ್ಜೀನಿಯಾದ ಅಂದಿನ ಕಾನೂನು. ಆ ಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ 1785ರಲ್ಲೇ ಅಂಗೀಕಾರವಾಗಿತ್ತು. ಆದರೆ ಜಾರಿಗೆ ಬಂದದ್ದು 1787ರ ಜನವರಿ 1ರಂದು. ಕೆಲವೇ ತಿಂಗಳುಗಳ ಅಂತರದಲ್ಲಿ ಥಾಮಸ್ ಭೂಮಾಲೀಕನ ಮಗನೆಂಬ ಸ್ಥಿತಿಯಿಂದ ಕೂಲಿಗೆ ಹೋಗುವ ಹುಡುಗನ ಸ್ಥಿತಿಗೆ ಇಳಿದನು. ಅಬ್ರಹಾಂ ಲಿಂಕನ್ನರ ಬಾಲ್ಯದ ಬಡತನಕ್ಕೆ ಕಾರಣ ಹುಡುಕುವವರು ತಂದೆಯ ಸ್ವಭಾವಕ್ಕಿಂತ ಮೊದಲು ಈ ದಿನಾಂಕಗಳನ್ನು ನೋಡಬೇಕು.

ವಿಧವೆ ತಾಯಿ ಮಕ್ಕಳೊಡನೆ ವಾಷಿಂಗ್ಟನ್ ಕೌಂಟಿಗೆ ಬಂದಳು. ಆಕೆಯ ಹೆಸರು ಅಲ್ಲಿಯ ತೆರಿಗೆ ಪಟ್ಟಿಯಲ್ಲಿ ಸಿಗುತ್ತದೆ. ಕೆಂಟಕಿಯ ಆ ಕಾಲದ ತೆರಿಗೆ ಪಟ್ಟಿಗಳು ನಮ್ಮ ಪಹಣಿಯನ್ನು ನೆನಪಿಸುತ್ತವೆ. ಎಷ್ಟು ಎಕರೆ, ಯಾವ ತೊರೆಯ ಬಳಿ, ಮೊದಲು ಯಾರ ಹೆಸರಿನಲ್ಲಿ ದಾಖಲಾಗಿ ಮೋಜಣಿಯಾದದ್ದು, ಮನೆಯಲ್ಲಿ 21 ದಾಟಿದ ಗಂಡಸರೆಷ್ಟು, ಗುಲಾಮರೆಷ್ಟು, ಕುದುರೆಗಳೆಷ್ಟು ಎಂಬುದಕ್ಕೆಲ್ಲ ಅಂಕಣಗಳಿದ್ದವು. ವರ್ಷ ವರ್ಷದ ಪಟ್ಟಿಗಳನ್ನು ಸಾಲಾಗಿ ಓದಿದರೆ ಮಗನೊಬ್ಬ ಪ್ರಾಯಕ್ಕೆ ಬಂದದ್ದು, ತಂದೆ ತೀರಿಕೊಂಡದ್ದು, ಕುಟುಂಬ ಊರು ಬಿಟ್ಟದ್ದು ತಾನಾಗಿ ಗೋಚರಿಸುತ್ತದೆ. ಜನನ ಮರಣಗಳ ನೋಂದಣಿಯೇ ಇಲ್ಲದ ಆ ಕಾಲಕ್ಕೆ ಇದಕ್ಕಿಂತ ನಂಬಿಕೆಯ ದಾಖಲೆ ವಿರಳ.

ಬಡಗಿ ಕೆಲಸ ಕಲಿತ ಥಾಮಸ್ 1803ರಲ್ಲಿ ಹಾರ್ಡಿನ್ ಕೌಂಟಿಯ ಮಿಲ್ ಕ್ರೀಕ್ ಬಳಿ 238 ಎಕರೆಯನ್ನು 118 ಪೌಂಡಿಗೆ ಕೊಂಡನು. ಪಿತ್ರಾರ್ಜಿತವಿಲ್ಲದ ಇಪ್ಪತ್ತೈದರ ತರುಣನಿಗೆ ಇದು ಸಣ್ಣ ಸಾಧನೆಯಲ್ಲ. 1806ರ ಜೂನ್ 12ರಂದು ನ್ಯಾನ್ಸಿ ಹ್ಯಾಂಕ್ಸ್‌ಳನ್ನು ಮದುವೆಯಾದನು. ಈ ಮದುವೆಯ ದಾಖಲೆಯದೇ ಒಂದು ದುಃಖದ ಕಥೆ. ಕುಟುಂಬ ವಾಸಿಸಿದ್ದ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ಅದನ್ನೇ ಹಿಡಿದು ರಾಜಕೀಯ ವಿರೋಧಿಗಳು ಅಧ್ಯಕ್ಷರ ತಂದೆತಾಯಿಯರ ಬಗ್ಗೆ ಹಗುರವಾಗಿ ಮಾತನಾಡಿದರು. ಪತ್ರ ಸುರಕ್ಷಿತವಾಗಿ ಇದ್ದದ್ದು ವಧುವಿನ ಕಡೆಯ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ. ಅದು ಹೊರಬರುವ ಹೊತ್ತಿಗೆ ಲಿಂಕನ್ ತೀರಿಕೊಂಡು ಹತ್ತು ವರ್ಷಗಳ ಮೇಲಾಗಿತ್ತು. ತಾಯಿಯ ಮಾನ ಕಾಯುವ ಕಾಗದ ನೆರೆಯ ಕೌಂಟಿಯಲ್ಲೇ ಇದ್ದರೂ ಮಗ ಅದನ್ನು ಕಾಣದೆ ಹೋದರು.

1808ರ ಡಿಸೆಂಬರಿನಲ್ಲಿ ಥಾಮಸ್ 200 ಡಾಲರು ನಗದು ಕೊಟ್ಟು ಸಿಂಕಿಂಗ್ ಸ್ಪ್ರಿಂಗ್ ಎಂಬ ಜಮೀನನ್ನು ಕೊಂಡನು. ಎರಡು ತಿಂಗಳ ನಂತರ, 1809ರ ಫೆಬ್ರುವರಿ 12ರಂದು, ಅಬ್ರಹಾಂ ಹುಟ್ಟಿದ್ದು ಅಲ್ಲಿಯೇ. ಆ ಜಮೀನಿನ ಮೇಲೆ ಹಿಂದಿನ ಮಾಲೀಕನಿಗೆ ಸಲ್ಲಬೇಕಾದ ಹಳೆಯ ಬಾಕಿಯೊಂದು ಉಳಿದಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಋಣಭಾರ ತೀರದ ಆಸ್ತಿ. ದಾವೆ ನಡೆದು 1816ರಲ್ಲಿ ನ್ಯಾಯಾಲಯ ಜಮೀನನ್ನು ಹರಾಜಿಗೆ ಹಾಕಿತು. ಅಷ್ಟರಲ್ಲಿ ಮಿಲ್ ಕ್ರೀಕ್ ಜಮೀನಿನ ಮೋಜಣಿಯಲ್ಲಿಯೂ ದೋಷ ಕಾಣಿಸಿ, ಕೊಂಡಾಗ 238 ಎಕರೆ ಇದ್ದದ್ದು 200 ಎಕರೆಯಾಗಿ ಹೋಯಿತು. 1814ರಲ್ಲಿ ಅದನ್ನು ಕೊಂಡದ್ದಕ್ಕಿಂತ 18 ಪೌಂಡು ಕಡಿಮೆಗೆ ಮಾರಬೇಕಾಯಿತು. ಮೂರನೆಯ ನೆಲೆಯಾದ ನಾಬ್ ಕ್ರೀಕ್‌ನಲ್ಲಿಯೂ ಶಾಂತಿಯಿಲ್ಲ. ಫಿಲಡೆಲ್ಫಿಯಾದ ಶ್ರೀಮಂತನೊಬ್ಬನ ವಾರಸುದಾರರು, ಆ ಕಣಿವೆಯನ್ನೊಳಗೊಂಡ 10,000 ಎಕರೆ ತಮ್ಮದೆಂದು ಥಾಮಸ್‌ನನ್ನೂ ನೆರೆಯವರನ್ನೂ ಒಕ್ಕಲೆಬ್ಬಿಸಲು ದಾವೆ ಹೂಡಿದರು.

ಇದು ಒಬ್ಬನ ದುರದೃಷ್ಟ ಮಾತ್ರವಾಗಿರಲಿಲ್ಲ. ಅಂದಿನ ಕೆಂಟಕಿಯಲ್ಲಿ ಚಕ್ಕುಬಂದಿಯೆಂದರೆ ಒಂದು ಓಕ್ ಮರ, ಒಂದು ಬಂಡೆ, ಒಂದು ತೊರೆಯ ತಿರುವು. ಮರ ಬಿದ್ದರೆ ಗಡಿ ಹೋಯಿತು, ತೊರೆ ಪಾತ್ರ ಬದಲಿಸಿದರೆ ಎಲ್ಲೆ ಬದಲಾಯಿತು. ಒಂದೇ ನೆಲವನ್ನು ಹಲವರು ಅಳೆಸಿಕೊಂಡು, ಹಕ್ಕುಗಳು ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬಿದ್ದಿದ್ದವು. ವಕೀಲರನ್ನು ಇಡಬಲ್ಲವರು ಉಳಿದರು, ದುಡಿದು ತಿನ್ನುವವರು ಎದ್ದು ಹೋದರು.

ಹಾಗೆಂದು ಥಾಮಸ್ ಸೋಮಾರಿಯೇ? 1926ರಲ್ಲಿ ಲೂಯಿಸ್ ವಾರನ್ ಎಂಬ ಸಂಶೋಧಕ, ಕೌಂಟಿಗಳ ಕಡತಗಳನ್ನು ಶೋಧಿಸಿ ಬರೆದ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತನು. 1814ರ ಹಾರ್ಡಿನ್ ಕೌಂಟಿಯ ತೆರಿಗೆ ಪಟ್ಟಿಯೊಂದರಲ್ಲಿರುವ 98 ಆಸ್ತಿವಂತರಲ್ಲಿ ಥಾಮಸ್‌ನದು 15ನೆಯ ಸ್ಥಾನ. ಆತ ನ್ಯಾಯಾಲಯದ ಜ್ಯೂರಿಯಲ್ಲಿ ಕುಳಿತಿದ್ದನು, ರಸ್ತೆಯ ಉಸ್ತುವಾರಿಗೆ ನೇಮಕಗೊಂಡಿದ್ದನು, ಕುದುರೆಗಳ ಮೇಲೆ ತೆರಿಗೆ ಕಟ್ಟಿದ್ದನು. ಹೆಸರನ್ನಷ್ಟೇ ಕಷ್ಟದಿಂದ ಬರೆಯಬಲ್ಲ ಮನುಷ್ಯನಿಗೆ ಸಮಾಜದಲ್ಲಿ ಸಾಧಾರಣ ಮರ್ಯಾದೆಯ ಸ್ಥಾನವಿತ್ತೆಂಬುದು ಇದರಿಂದ ಸ್ಪಷ್ಟ. ತೆರಿಗೆ ಪಟ್ಟಿ ಆತನನ್ನು ಸಾಧಕನೆಂದೂ ಹೇಳುವುದಿಲ್ಲ. ಆದರೆ ದುಡಿಯಲೊಲ್ಲದವನೆಂಬ ಮಾತಿಗೆ ಅದರಲ್ಲಿ ಆಸ್ಪದವಿಲ್ಲ.

1816ರ ಡಿಸೆಂಬರಿನಲ್ಲಿ ಕುಟುಂಬ ಓಹಿಯೋ ನದಿ ದಾಟಿ ಇಂಡಿಯಾನಾಕ್ಕೆ ಹೋಯಿತು. ಗುಲಾಮಗಿರಿಯೂ ಈ ವಲಸೆಗೆ ಒಂದು ಕಾರಣವಾದರೂ, ಮುಖ್ಯ ಕಾರಣ ಭೂಮಿಯ ಹಕ್ಕಿನ ತೊಡಕೇ ಎಂದು ಅಬ್ರಹಾಂ ಲಿಂಕನ್ 1860ರಲ್ಲಿ ತಮ್ಮ ಬದುಕಿನ ಕುರಿತು ಬರೆದುಕೊಟ್ಟ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಇಂಡಿಯಾನಾದಲ್ಲಿ ಒಕ್ಕೂಟ ಸರ್ಕಾರವೇ ಭೂಮಿಯನ್ನು ಚೌಕಗಳಾಗಿ ಅಳೆದು ಮಾರುತ್ತಿತ್ತು. 1817ರಲ್ಲಿ ಥಾಮಸ್ ವಿನ್ಸೆನ್ಸ್ ಪಟ್ಟಣದ ಭೂ ಕಚೇರಿಯಲ್ಲಿ ಎಕರೆಗೆ 2 ಡಾಲರಿನಂತೆ 160 ಎಕರೆಗೆ ಹಣ ಕಟ್ಟಲಾರಂಭಿಸಿದನು. ಪೂರ್ತಿ ಕಟ್ಟಲಾಗಲಿಲ್ಲ. ಹತ್ತು ವರ್ಷಗಳ ಮೇಲೆ ಅರ್ಧವನ್ನು ಬಿಟ್ಟುಕೊಟ್ಟು, ಉಳಿದ 80 ಎಕರೆಗೆ ಕಳಂಕವಿಲ್ಲದ ಹಕ್ಕುಪತ್ರ ಪಡೆದನು. ಆ ವೇಳೆಗೆ ನ್ಯಾನ್ಸಿ ತೀರಿಕೊಂಡು, ಸಾರಾ ಎಂಬ ಮಲತಾಯಿ ಮನೆಗೆ ಬಂದಿದ್ದಳು. 1830ರಲ್ಲಿ ಎಲ್ಲರೂ ಇಲಿನಾಯ್ ರಾಜ್ಯಕ್ಕೆ ಹೊರಟರು. ದೋಷದ ಮೋಜಣಿಯಿಂದ ಭೂಮಿ ಕಳೆದುಕೊಂಡವನ ಮಗ 1833ರಲ್ಲಿ ಅಲ್ಲಿ ಉಪ ಮೋಜಣಿದಾರರಾಗಿ ಸರಪಳಿ ಹಿಡಿದರು. ಮುಂದೆ ವಕೀಲರಾದರು, ಅಧ್ಯಕ್ಷರಾದರು. 1862ರಲ್ಲಿ ಅವರು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ ಸಾಗುವಳಿದಾರ ಕುಟುಂಬಕ್ಕೆ ನೀಡಿದ ಗರಿಷ್ಠ ಭೂಮಿಯೂ 160 ಎಕರೆಯೇ.

ತಮ್ಮ ವಂಶದ ಮೂಲ ಲಿಂಕನ್ನರಿಗೆ ಪೂರ್ತಿ ತಿಳಿದಿರಲಿಲ್ಲ. ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರೆಗೆ ಗೊತ್ತಿತ್ತು. ನ್ಯೂ ಇಂಗ್ಲೆಂಡಿನ ಲಿಂಕನ್ನರಿಗೂ ತಮಗೂ ಹೆಸರುಗಳ ಹೋಲಿಕೆಯಷ್ಟೇ ಕಾಣುತ್ತದೆಂದು ಭಾವಿಸಿದ್ದರು. ಆ ಕೊಂಡಿಯನ್ನು ಮುಂದೆ ಬೆಸೆದ ದಾಖಲೆಗಳಲ್ಲಿ ಮುಖ್ಯವಾದದ್ದೂ ಭೂಮಿಯದೇ. ಮಾರ್ಡೆಕೈ ಲಿಂಕನ್ ಎಂಬ ಪೂರ್ವಜನ ಉಯಿಲಿನಲ್ಲಿ ನ್ಯೂಜೆರ್ಸಿಯ 300 ಎಕರೆ ಜಾನ್ ಎಂಬ ಮಗನಿಗೆ ಸಂದಿತ್ತು. 1748ರಲ್ಲಿ ಜಾನ್ ಅದನ್ನು ಮಾರಿದ ಕ್ರಯಪತ್ರ ತಂದೆ ಮಗನ ಸಂಬಂಧವನ್ನು ಸ್ಥಿರಪಡಿಸಿತು. ವರ್ಜೀನಿಯಾಕ್ಕೆ ಬಂದ ಆ ಜಾನನೇ ಕ್ಯಾಪ್ಟನ್ ಅಬ್ರಹಾಮನ ತಂದೆ. ಹೀಗೆ ಎಳೆ ಹಿಡಿದು ಹೋದರೆ, 1637ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದ ಸ್ಯಾಮ್ಯುಯೆಲ್ ಲಿಂಕನ್ ಎಂಬ ನೇಕಾರ ತರುಣನವರೆಗೆ ಏಳು ತಲೆಮಾರು ದೊರೆಯುತ್ತದೆ.

ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ತರುಣರಿಗೆ ಈ ಕಥೆಯಲ್ಲಿ ನಾನು ಕಾಣುವ ಪಾಠ ಸರಳವಾದದ್ದು. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಇರುವ ಹೆಸರನ್ನು ಹೊರಡುವ ಮೊದಲೇ ಒಂದಾಗಿಸಿಕೊಳ್ಳಿ. ಊರಿನ ಜಮೀನಿನ ಖಾತೆ, ಪಹಣಿ, ವಿಭಾಗಪತ್ರಗಳ ಪ್ರತಿ ನಿಮ್ಮಲ್ಲಿರಲಿ. ಊರಿನಲ್ಲಿರುವ ಹಿರಿಯರು ಆ ಕಾಗದಗಳು ಎಲ್ಲಿವೆ, ಯಾರ ಹೆಸರಿನಲ್ಲಿವೆ ಎಂಬುದನ್ನು ಮಕ್ಕಳಿಗೆ ತಿಳಿಸಿಡಲಿ. ನೂರು ವರ್ಷಗಳ ಮೇಲೆ ಈ ನಾಡಿನಲ್ಲಿ ಹುಟ್ಟಿ ಬೆಳೆದ ಮೊಮ್ಮಗಳೊಬ್ಬಳು ನಮ್ಮನ್ನು ಹುಡುಕಿದರೆ, ಆಕೆಗೆ ನಮ್ಮ ದನಿ ಸಿಗಲಾರದು, ಕಾಗದ ಸಿಗಬಹುದು.

ಥಾಮಸ್‌ಗೂ ಮಗನಿಗೂ ಕೊನೆಗಾಲದಲ್ಲಿ ಸಲುಗೆ ಇರಲಿಲ್ಲ. 1851ರ ಜನವರಿಯಲ್ಲಿ ತಂದೆ ತೀರಿಕೊಂಡಾಗ ಮಗ ಅಂತ್ಯಕ್ರಿಯೆಗೆ ಹೋಗಲಿಲ್ಲ. ಅವರಿಬ್ಬರ ನಡುವೆ ಪ್ರೀತಿಯೇ ಇರಲಿಲ್ಲವೆಂದು ಬರೆದವರೂ ಇದ್ದಾರೆ. ಆದರೆ 1841ರ ಒಂದು ಪತ್ರ ಇಲಿನಾಯ್‌ನ ಕೋಲ್ಸ್ ಕೌಂಟಿಯ ಭೂದಾಖಲೆಗಳಲ್ಲಿ ಉಳಿದಿದೆ. ಹಣದ ಅಡಚಣೆಯಲ್ಲಿದ್ದ ತಂದೆಯಿಂದ ಮಗ 40 ಎಕರೆಯನ್ನು 200 ಡಾಲರಿಗೆ ಕೊಂಡರು. ತಂದೆಯೂ ಮಲತಾಯಿಯೂ ಬದುಕಿರುವವರೆಗೆ ಅದನ್ನು ಅವರೇ ಅನುಭವಿಸಿಕೊಂಡಿರಬೇಕೆಂದು ಬರೆಸಿದರು. ಮೂರು ಬಾರಿ ನೆಲೆ ತಪ್ಪಿದ ಥಾಮಸ್‌ಗೆ, ಕೊನೆಯ ಹತ್ತು ವರ್ಷ ಯಾರೂ ಎಬ್ಬಿಸಲಾಗದ ನೆಲವೊಂದನ್ನು ಹಾಗೆ ಮಗನೇ ಬರೆದುಕೊಟ್ಟರು.