ಹಿಮದ ಇಳಿಜಾರಿನಲ್ಲೊಬ್ಬ ಮೇಷ್ಟ್ರು

ಚಳಿಗಾಲದಲ್ಲಿ ಗುಲ್ಮಾರ್ಗ್ ಅಥವಾ ಔಲಿಗೆ ಹೋಗಿ ಹಿಮದ ಮೇಲೆ ಜಾರುವುದನ್ನು ಕಲಿತು ಬರಬೇಕೆಂಬ ಹಂಬಲ ನಮ್ಮ ನಗರಗಳ ಮಧ್ಯಮ ವರ್ಗದಲ್ಲೂ ಈಗ ಅಪರೂಪವೇನಲ್ಲ. ಅನುಕೂಲವುಳ್ಳ ಕೆಲವರು ಆಲ್ಪ್ಸ್ ಪರ್ವತಗಳವರೆಗೂ ಹೋಗಿ ಬರುತ್ತಾರೆ. ಇಂಥ ಪ್ರವಾಸದ ಸಿದ್ಧತೆಯಲ್ಲಿ ಪ್ರಯಾಣ, ವಸತಿ, ಬೆಚ್ಚನೆಯ ಉಡುಪು, ಬಾಡಿಗೆಯ ಬೂಟು ಮತ್ತು ಸ್ಕೀಗಳ ಜೊತೆಗೆ ತಪ್ಪದೆ ಸೇರುವ ಇನ್ನೊಂದು ಬಾಬತ್ತು ತರಬೇತಿ. ಮೊದಲ ದಿನ ಶಿಕ್ಷಕ ಹೊಸಬರನ್ನು ಶಿಖರಕ್ಕೆ ಕರೆದೊಯ್ಯುವುದಿಲ್ಲ. ಮನೆಯಂಗಳದಷ್ಟು ಸೌಮ್ಯವಾದ ಇಳಿಜಾರಿನಲ್ಲಿ ನಿಲ್ಲಿಸಿ, ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ, ನೇಗಿಲಿನ ಆಕಾರದಲ್ಲಿ ಹಿಮವನ್ನು ತಳ್ಳುತ್ತಾ ಇಳಿಯುವುದನ್ನು ಕಲಿಸುತ್ತಾನೆ. ವೇಗಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕು ಎಂಬುದು ಈ ಪಾಠದ ತಿರುಳು.

ಸಹಜವೆಂದು ತೋರುವ ಈ ಕ್ರಮಕ್ಕೂ ಒಂದು ಚರಿತ್ರೆಯಿದೆ. ಅದನ್ನು ಪಾಠಪಟ್ಟಿಯಾಗಿ ಕಟ್ಟಿ, ಸಾವಿರಾರು ಜನರ ಮೇಲೆ ಪ್ರಯೋಗಿಸಿ, ಜಗತ್ತಿಗೆ ಹಂಚಿದವರಲ್ಲಿ ಅಗ್ರಗಣ್ಯರು ಆಸ್ಟ್ರಿಯಾದ ಹಾನೆಸ್ ಷ್ನೈಡರ್. ಹಿಮವನ್ನೇ ಕಾಣದವರಿಗೂ ಅವರ ಬದುಕು ತಿಳಿಯತಕ್ಕದ್ದಾಗಿದೆ. ಕಲಿಸುವ ಕಸುಬನ್ನು ನಿಷ್ಠೆಯಿಂದ ಮಾಡಿದ ಒಬ್ಬ ಹಳ್ಳಿಗನ ಬಾಗಿಲಿಗೆ ರಾಜಕಾರಣ ಬಂದು ನಿಂತಾಗ ಏನಾಯಿತು ಎಂಬುದು ಅದರಲ್ಲಿ ಅಡಗಿದೆ.

ಷ್ನೈಡರ್ ಹುಟ್ಟಿದ್ದು 1890ರ ಜೂನ್ 24ರಂದು, ಆರ್ಲ್‌ಬರ್ಗ್ ಕಣಿವೆದಾರಿಯ ಪಶ್ಚಿಮ ಮಗ್ಗುಲಿನ ಸ್ಟೂಬೆನ್ ಎಂಬ ಪುಟ್ಟ ಹಳ್ಳಿಯಲ್ಲಿ. ಸಮುದ್ರಮಟ್ಟದಿಂದ 1,400 ಮೀಟರಿಗೂ ಎತ್ತರದಲ್ಲಿರುವ ಆ ಊರಿಗೆ ಚಳಿಗಾಲವೆಂದರೆ ಹಬ್ಬವಾಗಿರಲಿಲ್ಲ, ತಿಂಗಳುಗಟ್ಟಲೆ ಎಳೆಯುವ ಸೆರೆವಾಸವಾಗಿತ್ತು. 1884ರಲ್ಲಿ ಹತ್ತು ಕಿಲೋಮೀಟರಿಗೂ ಉದ್ದದ ಆರ್ಲ್‌ಬರ್ಗ್ ರೈಲು ಸುರಂಗ ತೆರೆದ ಮೇಲೆ, ಕಣಿವೆದಾರಿಯನ್ನು ಹತ್ತಿಳಿಯುತ್ತಿದ್ದ ಬಂಡಿಗಳ ಓಡಾಟ ಕುಗ್ಗಿ, ಅದನ್ನೇ ನೆಚ್ಚಿಕೊಂಡಿದ್ದ ಹಳ್ಳಿಗಳ ಆದಾಯವೂ ಬತ್ತಿತ್ತು. ಆದರೆ ಮುಂದೆ ಅದೇ ರೈಲು ಹಿಮವನ್ನೇ ಅರಸಿ ಬರುವ ಪ್ರವಾಸಿಗರನ್ನು ಇಳಿಸತೊಡಗಿತು. ಹಿಮ ಶಾಪವಲ್ಲ, ಸಂಪತ್ತಾಗಬಲ್ಲದು ಎಂಬುದನ್ನು ಆ ನಾಡಿಗೆ ತೋರಿಸಿದವರ ಸಾಲಿನಲ್ಲಿ ಈ ಹುಡುಗನೂ ಸೇರಲಿದ್ದ.

ಸ್ಕೀ ಆಲ್ಪ್ಸ್‌ನ ಸ್ವಂತ ಕೂಸಲ್ಲ. ಅದರ ತವರು ನಾರ್ವೆ. ಟೆಲಿಮಾರ್ಕ್ ಸೀಮೆಯ ಸೊಂಡ್ರೆ ನೂರ್‌ಹೈಮ್ ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಆಟದ ರೂಪ ಕೊಟ್ಟವರು. 1888ರಲ್ಲಿ ಫ್ರಿಡ್ಯೋಫ್ ನಾನ್ಸೆನ್ ಸ್ಕೀಗಳ ಮೇಲೆ ಗ್ರೀನ್‌ಲ್ಯಾಂಡನ್ನು ದಾಟಿ, ಆ ಸಾಹಸವನ್ನು ಪುಸ್ತಕವಾಗಿಸಿದ ಮೇಲೆ ಮಧ್ಯ ಯೂರೋಪಿನಲ್ಲಿ ಈ ಮರದ ಪಟ್ಟಿಗಳ ಬಗ್ಗೆ ಕುತೂಹಲ ಕೆರಳಿತು. ಆದರೆ ನಾರ್ವೆಯ ದುಂಡನೆಯ ದಿಣ್ಣೆಗಳಿಗೆ ಹೊಂದಿದ ಚಲನೆ ಆಲ್ಪ್ಸ್‌ನ ಕಡಿದಾದ ಇಳಿಜಾರುಗಳಿಗೆ ಸಾಲದಾಯಿತು. ಆಸ್ಟ್ರಿಯಾದಲ್ಲಿ ಮಥಿಯಾಸ್ ಝ್ಡಾರ್‌ಸ್ಕಿ ಒಂದೇ ಉದ್ದನೆಯ ಕೋಲನ್ನು ಹಿಡಿದು ಕಡಿದಾದ ಜಾಗದಲ್ಲೂ ಹತೋಟಿ ತಪ್ಪದೆ ಇಳಿಯುವ ವಿಧಾನವೊಂದನ್ನು ರೂಪಿಸಿದರು. ಅದು ಸುರಕ್ಷಿತವಾಗಿತ್ತು, ಆದರೆ ನಿಧಾನವಾಗಿತ್ತು. ನಾರ್ವೆಯ ಶೈಲಿಯ ಲಾಲಿತ್ಯ, ಝ್ಡಾರ್‌ಸ್ಕಿಯ ಭದ್ರತೆ ಇವೆರಡನ್ನೂ ಕೂಡಿಸುವ ಕೆಲಸ ಉಳಿದೇ ಇತ್ತು.

ಬ್ರೆಗೆನ್ಸ್ ಪಟ್ಟಣದ ವಿಕ್ಟರ್ ಸೋಮ್ ಎಂಬ ಹಿಮಯಾತ್ರಿಕನನ್ನು ಕಂಡು ಬೆರಗಾದ ಬಾಲಕ ಷ್ನೈಡರ್‌ಗೆ ಮೊದಲ ಪಾಠಗಳು ಆತನಿಂದಲೇ ದೊರೆತವು. ಕಲಿಕೆ ಎಷ್ಟು ಚುರುಕಾಗಿ ಸಾಗಿತೆಂದರೆ, 1907ರಲ್ಲಿ, ಹದಿನೇಳು ವರ್ಷದ ಹುಡುಗನನ್ನು ಕಣಿವೆದಾರಿಯ ಇನ್ನೊಂದು ಮಗ್ಗುಲಿನ ಸೇಂಟ್ ಆಂಟನ್‌ನ ಪೋಸ್ಟ್ ಹೋಟೆಲಿನ ಮಾಲೀಕ ಕಾರ್ಲ್ ಷೂಲರ್ ತನ್ನ ಅತಿಥಿಗಳಿಗೆ ಸ್ಕೀ ಕಲಿಸಲು ನೇಮಿಸಿಕೊಂಡರು. ಹೋಟೆಲೊಂದು ಬಂದವರಿಗೆ ಊಟ, ಹಾಸಿಗೆಗಳ ಜೊತೆಗೆ ಪಾಠವನ್ನೂ ಒದಗಿಸುವ ಈ ಏರ್ಪಾಡಿನಲ್ಲೇ ಇಂದಿನ ಚಳಿಗಾಲದ ಪ್ರವಾಸೋದ್ಯಮದ ಬೀಜವಿತ್ತು.

ಮೊದಲ ಮಹಾಯುದ್ಧ ಅವರನ್ನು ಸೈನ್ಯಕ್ಕೆ ಸೆಳೆಯಿತು. ಪರ್ವತ ಪಡೆಗಳ ಯೋಧರಿಗೆ ಸ್ಕೀ ಕಲಿಸುವ ಹೊಣೆ ಅವರ ಪಾಲಿಗೆ ಬಂತು. ಹೋಟೆಲಿನ ಅತಿಥಿಗೆ ಒಂದೊಂದಾಗಿ, ಬಿಡುವಾಗಿ ಕಲಿಸುವುದು ಬೇರೆ. ಎಂದೂ ಸ್ಕೀ ತೊಡದ ನೂರಾರು ಯುವಕರನ್ನು ಕೆಲವೇ ವಾರಗಳಲ್ಲಿ ಬೆಟ್ಟ ದಾಟುವಂತೆ ತಯಾರು ಮಾಡುವುದು ಬೇರೆ. ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಆಮೇಲೆ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ವಿವೇಕ ಅವರಿಗೆ ದೊರೆತದ್ದು ಆ ಒತ್ತಡದಲ್ಲಿ. ಯುದ್ಧ ಮುಗಿದು ಸಾಮ್ರಾಜ್ಯ ಒಡೆದು, ಆಸ್ಟ್ರಿಯಾ ಬಡತನದಲ್ಲಿ ಕಣ್ಣು ಬಿಡುತ್ತಿದ್ದ 1920ರ ದಶಕದ ಆರಂಭದಲ್ಲಿ ಅವರು ಸೇಂಟ್ ಆಂಟನ್‌ನಲ್ಲಿ ತಮ್ಮ ಶಾಲೆಯನ್ನು ಕಟ್ಟಿದರು.

ಆ ಶಾಲೆಯ ಹೊಸತನ ಎರಡು ಬಗೆಯದು. ಒಂದು, ಚಲನೆಗಳ ಏಣಿ. ಮೊದಲು ನೇಗಿಲಿನಾಕಾರದಲ್ಲಿ ಇಳಿದು ನಿಲ್ಲುವುದು. ಬಳಿಕ ಅದೇ ಭಂಗಿಯಲ್ಲಿ ತಿರುಗುವುದು. ಮುಂದೆ ಒಂದು ಸ್ಕೀಯನ್ನಷ್ಟೇ ಓರೆಯಾಗಿ ಚಾಚಿ ತಿರುವು ಆರಂಭಿಸುವ ಸ್ಟೆಮ್. ಕೊನೆಗೆ ಹಾಗೆ ಆರಂಭವಾದ ತಿರುವನ್ನು ಎರಡೂ ಸ್ಕೀಗಳನ್ನು ಜೋಡಿಸಿ ಮುಗಿಸುವ ಸ್ಟೆಮ್ ಕ್ರಿಶ್ಚಿಯಾನಿಯಾ. ಮಂಡಿಗಳನ್ನು ಮಡಿಸಿ, ಮೈಯನ್ನು ಮುಂದಕ್ಕೆ ಬಾಗಿಸಿ, ಕುಗ್ಗಿ ಕುಳಿತಂಥ ಭಂಗಿ ಇದರ ಗುರುತು. ನೋಡಲು ಅಷ್ಟೇನೂ ಚೆಂದವಲ್ಲದಿದ್ದರೂ ಹೊಸಬರಿಗೆ ಅದು ಸಮತೋಲವನ್ನೂ ಧೈರ್ಯವನ್ನೂ ಕೊಟ್ಟಿತು. ಎರಡನೆಯದು, ತರಗತಿಗಳ ವಿಂಗಡಣೆ. ಒಂದು ಮೆಟ್ಟಿಲನ್ನು ಸರಿಯಾಗಿ ಹತ್ತಿದವರಿಗೆ ಮಾತ್ರ ಮುಂದಿನ ಮೆಟ್ಟಿಲು. ಶ್ರೀಮಂತನೆಂದು ಯಾರಿಗೂ ಬಡ್ತಿಯಿಲ್ಲ, ಅಂಜುಬುರುಕನೆಂದು ಯಾರಿಗೂ ಅವಮಾನವಿಲ್ಲ. ಶಾಲೆಯ ಶಿಕ್ಷಕರೆಲ್ಲರೂ ಒಂದೇ ಕ್ರಮದಲ್ಲಿ ಪಾಠ ಹೇಳುತ್ತಿದ್ದುದರಿಂದ, ಈ ವರ್ಷ ಒಬ್ಬರ ಬಳಿ ಅರ್ಧ ಕಲಿತವರು ಮುಂದಿನ ವರ್ಷ ಮತ್ತೊಬ್ಬರ ಬಳಿ ಅಲ್ಲಿಂದಲೇ ಮುಂದುವರಿಯಬಹುದಿತ್ತು.

ಇದರ ಸಾಮಾಜಿಕ ಪರಿಣಾಮವನ್ನು ಕಡೆಗಣಿಸುವಂತಿಲ್ಲ. ಅಲ್ಲಿಯವರೆಗೆ ಹುಟ್ಟಾ ಸಾಹಸಿಗಳ ಸೊತ್ತಾಗಿದ್ದ ಒಂದು ವಿದ್ಯೆ, ವರ್ಷಕ್ಕೊಂದೆರಡು ವಾರದ ರಜೆ ದೊರೆಯುವ ವಕೀಲರಿಗೆ, ಗುಮಾಸ್ತರಿಗೆ, ಅವರ ಹೆಂಡತಿ ಮಕ್ಕಳಿಗೆ ಎಟುಕುವಂತಾಯಿತು. ಭೂವಿಜ್ಞಾನಿಯಾಗಿದ್ದು ಚಿತ್ರ ನಿರ್ದೇಶಕರಾದ ಆರ್ನಾಲ್ಡ್ ಫಾಂಕ್ 1920ರಿಂದ ಷ್ನೈಡರ್ ಅವರನ್ನು ತೆರೆಗೆ ತಂದರು. ಇಬ್ಬರೂ ಸೇರಿ 1925ರಲ್ಲಿ ಹೊರತಂದ ಸಚಿತ್ರ ಪುಸ್ತಕ ಬೇರೆ ಭಾಷೆಗಳಿಗೂ ಹೋಯಿತು. 1928ರಲ್ಲಿ ಇಂಗ್ಲೆಂಡಿನ ಆರ್ನಾಲ್ಡ್ ಲನ್ ಜೊತೆಗೂಡಿ ಆರ್ಲ್‌ಬರ್ಗ್–ಕಾಂದಹಾರ್ ಸ್ಪರ್ಧೆಯನ್ನು ಆರಂಭಿಸಿದರು. 1930ರಲ್ಲಿ ಜಪಾನ್ ಅವರನ್ನು ಕರೆಸಿಕೊಂಡಿತು. 1936ರ ಡಿಸೆಂಬರಿನಲ್ಲಿ ಬಾಸ್ಟನ್ ಮತ್ತು ನ್ಯೂಯಾರ್ಕ್‌ನ ಒಳಾಂಗಣಗಳಲ್ಲಿ ಮಂಜುಗಡ್ಡೆ ಪುಡಿಮಾಡಿ ಹರಡಿದ ಕೃತಕ ಇಳಿಜಾರಿನ ಮೇಲೆ ಅವರು ಪ್ರದರ್ಶನ ನೀಡಿದಾಗ ನೋಡಲು ಅಮೆರಿಕನ್ನರು ಮುಗಿಬಿದ್ದರು.

ಕೀರ್ತಿಯ ಈ ವರ್ಷಗಳಲ್ಲೇ ಗಡಿಯಾಚೆ ಕತ್ತಲು ಕವಿಯುತ್ತಿತ್ತು. 1933ರಲ್ಲಿ ಹಿಟ್ಲರನ ಸರ್ಕಾರ, ಆಸ್ಟ್ರಿಯಾಕ್ಕೆ ಹೋಗುವ ಪ್ರತಿ ಜರ್ಮನ್ ಪ್ರಜೆಯೂ ಸಾವಿರ ಮಾರ್ಕ್ ಶುಲ್ಕ ತೆರಬೇಕೆಂದು ವಿಧಿಸಿತು. ಪ್ರವಾಸಿಗರನ್ನೇ ನಂಬಿದ್ದ ಟಿರೋಲ್ ಪ್ರಾಂತದ ಹೊಟ್ಟೆಗೆ ಹೊಡೆದು ಆಸ್ಟ್ರಿಯಾವನ್ನು ಬಗ್ಗಿಸುವುದು ಅದರ ಉದ್ದೇಶ. ನಾಜಿಗಳಿಗೆ ಜೈ ಎಂದರೆ ಗಿರಾಕಿಗಳು ಮರಳುತ್ತಾರೆ ಎಂಬ ಪ್ರಲೋಭನೆ ಪ್ರತಿ ಹೋಟೆಲಿನ ಮುಂದೆಯೂ ಇತ್ತು, ಊರೊಳಗೇ ಅವರ ಬೆಂಬಲಿಗರು ಬೆಳೆಯುತ್ತಿದ್ದರು. ಷ್ನೈಡರ್ ಮಾತ್ರ ಬಗ್ಗಲಿಲ್ಲ. ನಾಜಿಗಳ ಬಗೆಗಿನ ತಮ್ಮ ವಿರೋಧವನ್ನು ಅವರು ಮುಚ್ಚಿಡಲಿಲ್ಲ. ಯಹೂದಿ ಮೂಲದ ಎಂಜಿನಿಯರ್, ಸೇಂಟ್ ಆಂಟನ್ನಿನ ಪ್ರವಾಸೋದ್ಯಮವನ್ನು ಕಟ್ಟಿ ಬೆಳೆಸಿದ ರುಡಾಲ್ಫ್ ಗೊಂಪರ್ಟ್ಸ್ ಅವರೊಂದಿಗಿನ ಸ್ನೇಹವನ್ನೂ ಬಿಡಲಿಲ್ಲ. 1931ರಲ್ಲಿ ಫಾಂಕ್ ಅವರ ಚಿತ್ರದಲ್ಲಿ ಷ್ನೈಡರ್ ಜೊತೆ ನಟಿಸಿದ್ದ ಲೆನಿ ರೀಫೆನ್‌ಸ್ಟಾಲ್ ಕೆಲವೇ ವರ್ಷಗಳಲ್ಲಿ ನಾಜಿ ಪಕ್ಷದ ಪ್ರಚಾರ ಚಿತ್ರಗಳ ನಿರ್ದೇಶಕಿಯಾಗಿ ಮೆರೆದರು ಎಂಬುದನ್ನು ನೆನೆದರೆ, ಒಂದೇ ಬೆಟ್ಟದ ಮೇಲೆ ನಿಂತ ಇಬ್ಬರು ಎಷ್ಟು ಬೇರೆ ಬೇರೆ ಇಳಿಜಾರುಗಳನ್ನು ಆರಿಸಿಕೊಳ್ಳಬಹುದು ಎಂಬುದು ಅರ್ಥವಾಗುತ್ತದೆ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾವನ್ನು ಹೊಕ್ಕಿತು. ಷ್ನೈಡರ್ ಕೂಡಲೇ ಬಂಧಿತರಾಗಿ ಲಾಂಡೆಕ್ ಪಟ್ಟಣದ ಜೈಲು ಸೇರಿದರು. ಜಗತ್ತಿನ ನಾನಾ ಮೂಲೆಗಳಿಂದ ಬಂದವರಿಗೆ ಬೀಳದಂತೆ ನಿಲ್ಲುವುದನ್ನು ಕಲಿಸಿದ ವ್ಯಕ್ತಿ ತನ್ನ ಊರಿನಲ್ಲೇ ಅಪರಾಧಿಯಾಗಿದ್ದರು. ಸ್ಪರ್ಧೆಗೆಂದು ಸೇಂಟ್ ಆಂಟನ್‌ಗೆ ಬಂದಿದ್ದ ಆರ್ನಾಲ್ಡ್ ಲನ್ ಆ ವರ್ಷದ ಆರ್ಲ್‌ಬರ್ಗ್–ಕಾಂದಹಾರ್ ಸ್ಪರ್ಧೆಯನ್ನೇ ರದ್ದುಪಡಿಸಿದರು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂದು ಹಲವರು ಸಮಾಧಾನ ಹೇಳಿಕೊಳ್ಳುತ್ತಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಕೆಲವು ವಾರಗಳ ಬಳಿಕ ಜೈಲಿನಿಂದ ಬಿಡಿಸಿದರೂ ಷ್ನೈಡರ್‌ಗೆ ಮನೆಗೆ ಹೋಗುವ ಅನುಮತಿ ಸಿಗಲಿಲ್ಲ. ಜರ್ಮನಿಯ ಗಾರ್ಮಿಷ್‌ನಲ್ಲಿ ಕಾರ್ಲ್ ರೋಸೆನ್ ಎಂಬ ವಕೀಲರ ಉಸ್ತುವಾರಿಯಲ್ಲಿ, ಕಾವಲಿನ ನಡುವೆ ದಿನ ಕಳೆಯಬೇಕಾಯಿತು.

ಬಿಡುಗಡೆಯ ದಾರಿ ತೆರೆದದ್ದು ಅಮೆರಿಕದಿಂದ. ನ್ಯೂಯಾರ್ಕ್‌ನ ದೊಡ್ಡ ಬ್ಯಾಂಕೊಂದರ ಮುಖ್ಯಸ್ಥ ಹಾರ್ವೆ ಗಿಬ್ಸನ್ ನ್ಯೂ ಹ್ಯಾಂಪ್‌ಶೈರ್‌ನ ನಾರ್ತ್ ಕಾನ್ವೇ ಊರಿನವರು. ಮುದುಡಿದ್ದ ತಮ್ಮ ಹುಟ್ಟೂರನ್ನು ಸ್ಕೀ ಕೇಂದ್ರವಾಗಿ ಮೇಲೆತ್ತಬೇಕೆಂಬುದು ಅವರ ಆಸೆ. ಷ್ನೈಡರ್ ಶಿಷ್ಯ ಬೆನ್ನೋ ರಿಬಿಟ್ಸ್ಕಾ ಅದಾಗಲೇ ಅಲ್ಲಿ ಕಲಿಸುತ್ತಿದ್ದರು. ಜರ್ಮನಿಯ ಸಾಲಗಳ ಕುರಿತ ಮಾತುಕತೆಗಳಲ್ಲಿ ಗಿಬ್ಸನ್‌ಗಿದ್ದ ಪ್ರಭಾವ ಗುರುವಿನ ಬಿಡುಗಡೆಗೆ ನೆರವಾಯಿತು. 1939ರ ಫೆಬ್ರುವರಿಯಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಷ್ನೈಡರ್ ನಾರ್ತ್ ಕಾನ್ವೇ ರೈಲು ನಿಲ್ದಾಣದಲ್ಲಿ ಇಳಿದಾಗ, ಊರಿನ ಮಕ್ಕಳು ಸಾಲಾಗಿ ನಿಂತು ಸ್ಕೀ ಕೋಲುಗಳನ್ನು ಎತ್ತಿ ಕಮಾನು ಕಟ್ಟಿ ಸ್ವಾಗತಿಸಿದರು.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಗೊಂಪರ್ಟ್ಸ್ ಅವರನ್ನು ನಾಜಿಗಳು 1942ರಲ್ಲಿ ಮಿನ್ಸ್ಕ್ ಬಳಿಯ ಮಾಲಿ ಟ್ರಾಸ್ಟೆನೆಟ್ಸ್‌ಗೆ ಸಾಗಿಸಿ ಕೊಂದರು. ತಾನೇ ಬೆಳೆಸಿದ ಊರು ಅವರನ್ನು ಉಳಿಸಿಕೊಳ್ಳಲಿಲ್ಲ. ಕೀರ್ತಿ ಮತ್ತು ಸಮುದ್ರದಾಚೆಯ ಸ್ನೇಹಿತರು ಒಬ್ಬರನ್ನು ಕಾಪಾಡಿದರೆ, ಇನ್ನೊಬ್ಬರನ್ನು ಕಾಪಾಡಲು ಏನೂ ಇರಲಿಲ್ಲ. ಷ್ನೈಡರ್ ಕಥೆಯನ್ನು ಸುಖಾಂತವೆಂದು ಓದುವಾಗ ಈ ನೆರಳನ್ನು ಮರೆಯಬಾರದು.

ಐವತ್ತರ ಹೊಸ್ತಿಲಲ್ಲಿ ಪರದೇಶದಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವುದು ಸುಲಭವಲ್ಲ. ಆದರೆ ಕ್ರಾನ್‌ಮೋರ್ ಗುಡ್ಡದ ಸೌಮ್ಯ ಇಳಿಜಾರಿನಲ್ಲಿ ಅವರು ಅದೇ ಏಣಿಯನ್ನು ನಿಲ್ಲಿಸಿದರು. ಮಗ ಹರ್ಬರ್ಟ್ ಅಮೆರಿಕದ ಹತ್ತನೆಯ ಪರ್ವತ ಪಡೆಗೆ ಸೇರಿ ಇಟಲಿಯಲ್ಲಿ ಹೋರಾಡಿದರು. ಸೇಂಟ್ ಆಂಟನ್ ಶಾಲೆಯಲ್ಲಿ ಪಳಗಿದ ಫ್ರೀಡ್ಲ್ ಫೈಫರ್, ಓಟೋ ಲಾಂಗ್ ಮೊದಲಾದವರು ಅಮೆರಿಕದ ಬೇರೆ ಬೇರೆ ಪರ್ವತಗಳಲ್ಲಿ ಶಾಲೆಗಳನ್ನು ನಡೆಸಿದರು. 1955ರ ಏಪ್ರಿಲ್‌ನಲ್ಲಿ ಷ್ನೈಡರ್ ನಾರ್ತ್ ಕಾನ್ವೇಯಲ್ಲೇ ಕೊನೆಯುಸಿರೆಳೆದರು. ಅಷ್ಟರಲ್ಲಿ ಅವರ ಕ್ರಮಕ್ಕೆ ಸವಾಲುಗಳೂ ಎದ್ದಿದ್ದವು. ಫ್ರಾನ್ಸಿನ ಎಮಿಲ್ ಅಲೇ ಸ್ಕೀಗಳನ್ನು ಸಮಾಂತರವಾಗಿ ಇಟ್ಟೇ ತಿರುಗುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿದ್ದರು. ಆಸ್ಟ್ರಿಯಾದಲ್ಲೇ, ಅದೂ ಆರ್ಲ್‌ಬರ್ಗ್‌ನಲ್ಲೇ, ಸ್ಟೆಫಾನ್ ಕ್ರುಕೆನ್‌ಹೌಸರ್ ಹೊಸ ಶೈಲಿಯನ್ನು ರೂಪಿಸುತ್ತಿದ್ದರು. ಕುಗ್ಗಿ ಕುಳಿತ ಆ ಹಳೆಯ ಭಂಗಿ ಇಂದು ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಭಂಗಿ ಹಳತಾದರೂ ಬೋಧನೆಯ ತತ್ವ ಹಳತಾಗಲಿಲ್ಲ. ಹೊಸಬರಿಗೆ ಇಂದಿಗೂ ನೇಗಿಲಿನಾಕಾರವೇ ಓಂಕಾರ. ಎರಡು ಪಟ್ಟಿಗಳ ಬದಲು ಒಂದೇ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲುವ ಸ್ನೋಬೋರ್ಡ್ ಷ್ನೈಡರ್ ಕಾಲದ ನಂತರ ಬಂದ ಆಟ. ಅದರ ಶಿಕ್ಷಕರೂ ಮೊದಲು ಹಲಗೆಯ ಅಂಚನ್ನು ಹಿಮಕ್ಕೆ ಒತ್ತಿ ನಿಲ್ಲುವುದನ್ನು, ಅನಂತರವೇ ತಿರುಗುವುದನ್ನು ಕಲಿಸುತ್ತಾರೆ. ಪ್ರವಾಸಕ್ಕೆ ಹೊರಡುವವರು ದುಬಾರಿ ಉಡುಪಿಗಿಂತ ಮೊದಲು ಒಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿಕೊಳ್ಳುವುದು, ಎರಡು ದಿನಗಳಲ್ಲಿ ಎಲ್ಲವನ್ನೂ ಮುಗಿಸುವ ಆತುರ ಬಿಟ್ಟು ಒಂದು ವಾರವನ್ನಾದರೂ ಕಲಿಕೆಗೆ ಮೀಸಲಿಡುವುದು ಲೇಸು ಎಂಬ ಬುದ್ಧಿಮಾತಿನ ಹಿಂದೆಯೂ ಸೇಂಟ್ ಆಂಟನ್ನಿನ ಅನುಭವವಿದೆ.

ನಿಲ್ಲಲು ಬಲ್ಲವನಿಗೆ ಮಾತ್ರ ವೇಗದ ಹಕ್ಕಿದೆ ಎಂಬುದು ಷ್ನೈಡರ್ ಪಾಠದ ಸಾರ. ಇಡೀ ನಾಡೇ ಒಂದು ಇಳಿಜಾರಿನಲ್ಲಿ ರಭಸದಿಂದ ಜಾರುತ್ತಿದ್ದಾಗ ಕಾಲೂರಿ ನಿಂತ ಕೆಲವರಲ್ಲಿ ಅವರೂ ಒಬ್ಬರು. ಕಲಿಸಿದ್ದನ್ನು ಬದುಕಿ ತೋರಿಸಿದ ಗುರುಗಳು ಯಾವ ದೇಶದಲ್ಲೂ, ಯಾವ ಕಾಲದಲ್ಲೂ ವಿರಳ.