ಕೊನೇ ಸಾಲಿಗೂ ಕೇಳಿಸಬೇಕು: ಪಿಟೀಲು ಚೌಡಯ್ಯ

ನಮ್ಮ ಹಾಸ್ಟೆಲ್‌ನಲ್ಲಿ ಯಾವತ್ತೂ ಮುಗಿಯದ ಜಗಳಗಳಲ್ಲಿ ಒಂದು, ಗಿಟಾರ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಅನ್ನೋದು. ಒಬ್ಬ ಹೆಂಡ್ರಿಕ್ಸ್ ಅಂತಾನೆ, ಇನ್ನೊಬ್ಬ ಜಿಮ್ಮಿ ಪೇಜ್ ಅಂತಾನೆ. ಕೈ ವೇಗ ನೋಡಿದ್ರೆ ವ್ಯಾನ್ ಹೇಲನ್ ಮುಂದೆ ಯಾರೂ ಇಲ್ಲ ಅಂತ ಮೂಲೆಯಿಂದ ಮತ್ತೊಂದು ದನಿ. ಈ ವರ್ಷ ಆ ಜಗಳ ಸ್ಕಂದಗಿರಿಯನ್ನೂ ಹತ್ತಿತು. ಮೇಲಿನ ಹಾಳು ಕೋಟೆ ಗೋಡೆ ಪಕ್ಕ ಕೂತು ಗಿಟಾರ್ ನುಡಿಸಿದರೆ ಹತ್ತು ಹೆಜ್ಜೆ ಆಚೆ ಇದ್ದವರಿಗೆ ಬರೀ ಗಾಳಿ ಕೇಳಿಸ್ತು. ಬಯಲಿನಲ್ಲಿ ದನಿಯನ್ನು ವಾಪಸ್ ಕಳಿಸೋಕೆ ಸೂರಿಲ್ಲ, ಗೋಡೆಯಿಲ್ಲ. ಯಾರು ದೊಡ್ಡವರು ಅನ್ನೋದಕ್ಕೂ ಮೊದಲು, ಯಾರು ಕೇಳಿಸ್ತಾರೆ ಅನ್ನೋ ಪ್ರಶ್ನೆ ಇದೆ.

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡ ಒಬ್ಬ ಕನ್ನಡಿಗರ ಬಗ್ಗೆ ಬರೆಯೋಣ ಅಂತ ಹೊರಟೆವು. ಅವರ ಹೆಸರು ನಮಗೆಲ್ಲ ಗೊತ್ತು, ಆದರೆ ಕಟ್ಟಡದ ಹೆಸರಾಗಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿರೋ ಚೌಡಯ್ಯ ಸ್ಮಾರಕ ಭವನಕ್ಕೆ ನಾಟಕಕ್ಕೋ ಫ್ಯೂಷನ್ ಶೋಗೋ ಹೋಗಿ ಬಂದವರು ನಮ್ಮಲ್ಲಿ ಬಹಳ. ಚೌಡಯ್ಯ ನುಡಿಸಿದ್ದನ್ನು ಕೇಳಿದವರು ಎಷ್ಟು ಅಂತ ಕೇಳಿದಾಗ ಎದ್ದ ಕೈಗಳು ಎರಡು.

ತಿರುಮಕೂಡಲು ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು, ಶಿಸ್ತಿಗೆ ಹೆಸರಾದವರು. 1918ರವರೆಗೆ ಅವರ ಬಳಿ ಕಠಿಣ ಪಾಠ. ಎಂಟು ವರ್ಷ, ಅಂದ್ರೆ ನಮ್ಮ ಬಿ.ಇ. ಎರಡು ಸಲ. ಪಿಟೀಲು ಕಲಿಯುವವನಿಗೆ ಹಾಡುಗಾರನೇ ಗುರು ಆಗಿದ್ದು ಮುಖ್ಯ ಅಂತ ನಮಗನಿಸುತ್ತೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಗಂಟಲನ್ನು ಹಿಂಬಾಲಿಸಬೇಕು. ಹಾಡುವವರು ಆ ಕ್ಷಣದಲ್ಲಿ ಏನು ಹುಟ್ಟಿಸ್ತಾರೋ ಮೊದಲೇ ಗೊತ್ತಿರಲ್ಲ. ಅರ್ಧ ಸೆಕೆಂಡಿನಲ್ಲಿ ಅದನ್ನು ಹಿಡಿದು ನೆರಳಿನಂತೆ ಹೋಗಬೇಕು, ಅವರು ನಿಲ್ಲಿಸಿದಾಗ ಅದಕ್ಕೆ ತಕ್ಕ ಉತ್ತರವನ್ನೂ ಕೊಡಬೇಕು. ಪಕ್ಕವಾದ್ಯ ಅನ್ನೋ ಹೆಸರಿನಲ್ಲಿ ‘ಪಕ್ಕ’ ಇದೆ ಅಂತ ಸುಲಭ ಅಂದ್ಕೋಬೇಡಿ.

ಗುರುಗಳ ಕಛೇರಿಗಳಿಗೆ ನುಡಿಸುತ್ತಾ ಚೌಡಯ್ಯ ಬೆಳೆದರು. ಆಗ ಮೈಕ್ ಇರಲಿಲ್ಲ. ಗಟ್ಟಿ ಕಂಠದ ಹಾಡುಗಾರರ ಪಕ್ಕ, ಮೃದಂಗದ ಎದುರು, ಜನ ತುಂಬಿದ ಚಪ್ಪರದಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ತಲುಪುತ್ತಿರಲಿಲ್ಲ. ದುಡ್ಡು ಕೊಟ್ಟು ಬಂದು ಹಿಂದೆ ಕೂತವನಿಗೆ ಪಿಟೀಲುಗಾರನ ಕೈ ಆಡೋದು ಮಾತ್ರ ಕಾಣೋದು. ಇದಕ್ಕೆ ಚೌಡಯ್ಯ ಹುಡುಕಿದ ದಾರಿ ಏಳು ತಂತಿಯ ಪಿಟೀಲು. ವರ್ಷ 1927. ಇದ್ದ ತಂತಿಗಳಿಗೆ ಜೊತೆ ತಂತಿ ಕಟ್ಟಿ, ಕಮಾನು ಒಂದೇ ಸಲ ಎರಡನ್ನೂ ಎಳೆಯುವಂತೆ ಮಾಡಿದರು. ಮುಂದೆ 19 ತಂತಿಯ ಪಿಟೀಲನ್ನೂ ನುಡಿಸಿ ನೋಡಿದರು.

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ನಮ್ಮ ಸಿಲಬಸ್. ಒಂದೇ ಬಲದ ಎರಡು ಸದ್ದು ಸೇರಿದರೆ ಲೆಕ್ಕದಲ್ಲಿ ಹೆಚ್ಚೋದು 3 ಡೆಸಿಬಲ್ ಅಷ್ಟೇ. ಅದಕ್ಕಾಗಿ ತೆರಬೇಕಾದ ಬೆಲೆ ನೋಡಿ. ತಂತಿ ಹೆಚ್ಚಿದಷ್ಟೂ ಪಿಟೀಲಿನ ಕುದುರೆ ಮೇಲೆ ಒತ್ತಡ ಹೆಚ್ಚು. ಕಮಾನು ಎಳೆಯೋ ಬಲಗೈಗೆ ಬಲ ಬೇಕು. ಎಡಗೈಯ ಒಂದೇ ಬೆರಳು ಎರಡು ತಂತಿಯನ್ನು ಒತ್ತಬೇಕು, ಗಮಕ ಬಂದಾಗ ಎರಡನ್ನೂ ಒಟ್ಟಿಗೆ ಜಾರಿಸಬೇಕು. ಜೋಡಿ ಕೂದಲೆಳೆಯಷ್ಟು ತಪ್ಪಿದರೂ ಬೀಟ್ಸ್ ಶುರು. ಒಂದು ತಂತಿ 300 ಹರ್ಟ್ಸ್, ಪಕ್ಕದ್ದು 303 ಆದರೆ ಸೆಕೆಂಡಿಗೆ ಮೂರು ಸಲ ದನಿ ಏರಿಳಿದು ಅಪಶ್ರುತಿ ಬಯಲಾಗುತ್ತೆ. ಪಿಟೀಲಿಗೆ ಗಿಟಾರ್‌ನ ಹಾಗೆ ಫ್ರೆಟ್ ಬೇರೆ ಇಲ್ಲ. ಇಷ್ಟೆಲ್ಲಾ ಇಟ್ಟುಕೊಂಡು ದೊಡ್ಡ ದೊಡ್ಡ ವಿದ್ವಾಂಸರ ಪಕ್ಕ ದಶಕಗಳ ಕಾಲ ನುಡಿಸಿದರು ಅನ್ನೋದೇ ನಮ್ಮ ಮಟ್ಟಿಗೆ ಅವರ ಕೌಶಲಕ್ಕೆ ಸಾಕ್ಷಿ. ಮುದ್ದೇನಹಳ್ಳಿ ಪಕ್ಕದಲ್ಲೇ ಓಡಾಡೋ ನಮಗೆ ಇಂಜಿನಿಯರ್ ಅಂದ್ರೆ ಒಬ್ಬರೇ ನೆನಪಾಗೋದು. ಚೌಡಯ್ಯನವರಿಗೂ ಅಲ್ಲೊಂದು ಚಿಕ್ಕ ಜಾಗ ಬಿಡಬಹುದು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಗಿಟಾರ್‌ಗೂ ಇದೇ ರೋಗ ಇತ್ತು. ಊದುವ ವಾದ್ಯಗಳ ದೊಡ್ಡ ಬ್ಯಾಂಡಿನಲ್ಲಿ ಅದರ ದನಿ ಮುಳುಗಿ ಹೋಗುತ್ತಿತ್ತು. ಅವರು ಬೇರೆ ಮದ್ದು ಹುಡುಕಿದರು. 1930ರ ದಶಕದ ಶುರುವಿನಲ್ಲಿ ರಿಕನ್‌ಬ್ಯಾಕರ್ ಕಂಪನಿಯವರು ತಂತಿ ಕೆಳಗೆ ಅಯಸ್ಕಾಂತ, ಸುರುಳಿ ಇಟ್ಟರು. ತಂತಿ ಕಂಪಿಸಿದರೆ ಕರೆಂಟ್, ಆಮೇಲೆಲ್ಲ ಫ್ಯಾರಡೆ ನೋಡ್ಕೋತಾನೆ. ಆ ಸುರುಳಿ ಇರದಿದ್ದರೆ ಹೆಂಡ್ರಿಕ್ಸ್ ನಮಗೆ ಗೊತ್ತಿರೋ ಹೆಂಡ್ರಿಕ್ಸ್ ಆಗ್ತಿರಲಿಲ್ಲ. ಚೌಡಯ್ಯನವರ ಬಳಿ ಇದ್ದದ್ದು ತಂತಿ, ಮರ, ಮತ್ತು ತೋಳು.

ಹಾಸ್ಟೆಲ್ ಜಗಳದಂಥದ್ದು ಪಿಟೀಲಿನಲ್ಲೂ ಇತ್ತು. ಒಂದೇ ಕಾಲಕ್ಕೆ ಮೂವರು ಇದ್ದರು: ಚೌಡಯ್ಯ, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ, ದ್ವಾರಂ ವೆಂಕಟಸ್ವಾಮಿ ನಾಯ್ಡು. ಇವರಲ್ಲಿ ದ್ವಾರಂ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1893ರಲ್ಲಿ. ಬೆಳೆದದ್ದು, ಹೆಸರು ಮಾಡಿದ್ದು ಆಂಧ್ರದ ಕಡೆ. ವಿಜಯನಗರಂನ ಸಂಗೀತ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾದರು. ದ್ವಾರಂ ಅವರದು ನಯವಾದ ಕಮಾನು, ಮೃದುವಾದ ನಾದ. ಪಿಟೀಲನ್ನು ಪಕ್ಕದಿಂದ ಎಬ್ಬಿಸಿ ವೇದಿಕೆಯ ನಡುವೆ ಕೂರಿಸಿ ತನಿ ಕಛೇರಿ ಕೊಟ್ಟರು. ಪಿಳ್ಳೈಯವರದು ಪಕ್ಕವಾದ್ಯದ ಸಂಯಮ. ಮದ್ರಾಸಿನ ಸಂಗೀತ ಕಲಾನಿಧಿ ಗೌರವ ದ್ವಾರಂ ಅವರಿಗೆ 1941ರಲ್ಲಿ, ಪಿಳ್ಳೈಯವರಿಗೆ 1948ರಲ್ಲಿ ಬಂತು. ಚೌಡಯ್ಯನವರಿಗೆ ಬಂದಿದ್ದು 1957ರಲ್ಲಿ. ಮೈಸೂರು ಅರಮನೆ ಮಾತ್ರ 1939ರಲ್ಲೇ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡಿತ್ತು.

ಹೆಡ್‌ಫೋನ್ ಹಾಕಿಕೊಂಡು ಹಳೇ ರೆಕಾರ್ಡಿಂಗ್ ಕೇಳಿದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ಹಿಡಿಸೋದು ದ್ವಾರಂ. ಚೌಡಯ್ಯ ಸ್ವಲ್ಪ ಒರಟು ಅನಿಸಬಹುದು. ಆದರೆ ಇದು ನ್ಯಾಯವಾದ ಪರೀಕ್ಷೆ ಅಲ್ಲ ಅನ್ನೋದು ನಮ್ಮ ವಾದ. ಮೈಕ್ ಹತ್ತಿರ ಕೂತು ಕೇಳುತ್ತೆ, ಹತ್ತಿರದಿಂದ ಕೇಳೋನಿಗೆ ನಯವೇ ಚೆನ್ನ. ಚೌಡಯ್ಯ ತಮ್ಮ ನಾದವನ್ನು ಅಳೆದು ಕಟ್ಟಿದ್ದು ಚಪ್ಪರದ ಕಂಬಕ್ಕೆ ಒರಗಿ ನಿಂತವನಿಗೆ. ಅವನ ಕಿವಿಯ ರೆಕಾರ್ಡಿಂಗ್ ಎಲ್ಲೂ ಸಿಗಲ್ಲ.

ಅದರ ಅಂದಾಜಾದರೂ ಬೇಕಿದ್ದರೆ 1943ರ ‘ವಾಣಿ’ ಸಿನಿಮಾದ ಕಛೇರಿ ದೃಶ್ಯ ನೋಡಿ. ಚೌಡಯ್ಯ ಆ ಸಿನಿಮಾದಲ್ಲಿ ನಟಿಸಿದ್ದಾರೆ ಕೂಡ. ಹಾಡ್ತಿರೋದು ಚೆಂಬೈ ವೈದ್ಯನಾಥ ಭಾಗವತರು, ಮೃದಂಗ ಪಾಲ್ಘಾಟ್ ಮಣಿ ಅಯ್ಯರ್. ಚೆಂಬೈಯವರದು ಕಂಚಿನ ಕಂಠ. ಅಂಥವರ ಪಕ್ಕ ಮುಳುಗದೆ, ಅವರನ್ನು ಮುಳುಗಿಸದೆ ಹೇಗೆ ನುಡಿಸಬೇಕು ಅಂತ ಅಲ್ಲಿ ಕಣ್ಣಾರೆ ಕಾಣುತ್ತೆ. ನಮ್ಮ ಕಾಲೇಜಿನ ಬ್ಯಾಂಡಿನವರು, ಅದರಲ್ಲೂ ಲೀಡ್ ಗಿಟಾರ್‌ನವರು, ಒಮ್ಮೆ ನೋಡಲೇಬೇಕು.

ಮೈಸೂರಿನಲ್ಲಿ ಅವರು ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ವಿ. ಸೇತುರಾಮಯ್ಯನವರಂಥ ಶಿಷ್ಯರನ್ನು ತಯಾರು ಮಾಡಿದರು. 1967ರ ಜನವರಿ 19ರಂದು ತೀರಿಕೊಂಡರು. ಬೆಂಗಳೂರಿನ ಭವನ ಬಾಗಿಲು ತೆರೆದದ್ದು 1980ರಲ್ಲಿ.

ದ್ವಾರಂ ಅವರ ಕನಸು ಗೆದ್ದಿತು, ಪಿಟೀಲಿನ ತನಿ ಕಛೇರಿ ಇವತ್ತು ಮಾಮೂಲು. ಚೌಡಯ್ಯನವರ ಏಳು ತಂತಿ ಹಾಗೆ ಬೆಳೆಯಲಿಲ್ಲ, ಮೈಕ್ ಬಂದು ಆ ಕೆಲಸ ವಹಿಸಿಕೊಂಡಿತು. ಹಾಗಂತ ಪರಂಪರೆಯ ಲೆಕ್ಕದಲ್ಲಿ ಅವರು ಸೋತರು ಅನ್ನೋಕೆ ನಾವು ತಯಾರಿಲ್ಲ. ಕೊನೇ ಸಾಲಿನವನಿಗೂ ಪಿಟೀಲು ಕೇಳಿಸಲೇಬೇಕು ಅನ್ನೋ ಹಟ ಹೋಗಿಲ್ಲ. ಈಗಿನ ಕಛೇರಿಗೆ ಹೋದಾಗ ಸ್ವಲ್ಪ ಮುಂದೆ ಕೂತು ನೋಡಿ. ಎಷ್ಟೋ ಪಿಟೀಲುಗಳ ಕುದುರೆ ಹತ್ತಿರ ಒಂದು ಪುಟ್ಟ ಪಿಕಪ್ ಸಿಕ್ಕಿಸಿರುತ್ತಾರೆ, ಅದರಿಂದ ಒಂದು ವೈರು ಆಂಪ್ಲಿಫೈಯರ್‌ಗೆ ಹೋಗಿರುತ್ತೆ. ತಂತಿ ನಾಲ್ಕೇ.